ಶಂಭುಲಿಂಗಯ್ಯನವರ ದಿಲ್ಲಿ ಟಿಕೆಟ್ಟು

ತಿಪಟೂರಿನ ಮಾರ್ಕೆಟ್ ಯಾರ್ಡಿನಲ್ಲಿ ಐವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದ ಶಂಭುಲಿಂಗಯ್ಯನವರು ಯಾರು ಏನು ಹೇಳಿದರೂ ಮೊದಲ ಮಾತಿಗೆ ಒಪ್ಪಿದವರಲ್ಲ. ಡಾಕ್ಟರು ದಿನಕ್ಕೆ ಎರಡು ಮಾತ್ರೆ ಬರೆದರೆ ಒಂದೂವರೆಗೆ ಕೇಳಿ ನೋಡುತ್ತಿದ್ದರು. ಮಗ ಜ್ಞಾನೇಶನಿಗೆ ಹೆಣ್ಣು ನೋಡಲು ಹುಳಿಯಾರಿಗೆ ಹೋದಾಗ, ಹುಡುಗಿ ಒಪ್ಪಿಗೆಯಾದಳೇ ಎಂದು ಕೇಳಿದ ಬೀಗರಿಗೆ “ಇನ್ನೊಂದ್ ವಾರ ಮಾರ್ಕೆಟ್ ನೋಡಾನ” ಎಂದು ಬಾಯಿ ಜಾರಿ ಹೇಳಿ, ಹೆಂಡತಿ ದ್ರಾಕ್ಷಾಯಣಮ್ಮನವರಿಂದ ಊರು ಸೇರುವ ತನಕ ಬೈಸಿಕೊಂಡಿದ್ದರು. ಆ ಹುಡುಗಿ ಸೌಮ್ಯ ಈಗ ಅವರ ಸೊಸೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಆ ಮಾತನ್ನು ಇವತ್ತಿಗೂ ಮರೆತಿಲ್ಲ.

ಕೊಬ್ಬರಿಯ ಕೆಲಸ ಮನುಷ್ಯರನ್ನು ಹೀಗೆ ಮಾಡಿಬಿಡುತ್ತದೆ. ಕಾಯಿಯನ್ನು ಅಟ್ಟಕ್ಕೆ ಹಾಕಿದ ಮೇಲೆ ಹತ್ತು ಹನ್ನೊಂದು ತಿಂಗಳು ಅದನ್ನು ಮಾತಾಡಿಸುವಂತಿಲ್ಲ. ಒಳಗೆ ನೀರು ಬತ್ತಿತೇ, ಕೊಬ್ಬರಿ ಕೂಡಿತೇ ಎಂದು ಒಡೆದು ನೋಡುವಂತಿಲ್ಲ, ಒಡೆದರೆ ಅದು ಚಟ್ನಿಗೆ ಹೋಯಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಣಗಿದ ಕೊಬ್ಬರಿಯ ಗಿಟುಕು ಚಿಪ್ಪು ಬಿಟ್ಟು ಒಳಗೆ ಉರುಳುವ ಸದ್ದು ಕೇಳಿದರೆ ಆಗಿದೆ ಎಂದು ಅರ್ಥ. ಆದ ಮೇಲಾದರೂ ಸುಲಿಸಿ ಮಾರುತ್ತಾರೆಯೇ ಎಂದರೆ ಅದೂ ಇಲ್ಲ, ರೇಟು ಏರಬೇಕು. ಏರಿದರೆ ಇನ್ನೂ ಏರಬೇಕು. ಇಡೀ ಸೀಮೆಯೇ ಕಾಯುವುದನ್ನು ಜಾಣತನ ಎಂದು ನಂಬಿರುವಾಗ ಶಂಭುಲಿಂಗಯ್ಯನವರು ಎಲ್ಲರಿಗಿಂತ ಎರಡು ತಿಂಗಳು ಹೆಚ್ಚು ಜಾಣರಾಗಿದ್ದರು. ಕೆಲವು ವರ್ಷ ಇದರಿಂದ ಅವರಿಗೆ ಲಾಭವಾಗುತ್ತಿತ್ತು, ಕೆಲವು ವರ್ಷ ಅಟ್ಟದ ಇಲಿಗಳಿಗೆ.

ಅವರ ಕೊಬ್ಬರಿ ಹೋಗುತ್ತಿದ್ದದ್ದು ದಿಲ್ಲಿಯ ಬನ್ವಾರಿಲಾಲ್ ಎಂಬ ವ್ಯಾಪಾರಿಗೆ, ಇವರ ಬಾಯಲ್ಲಿ ಲಾಲಾ. ಮೂವತ್ತೆಂಟು ವರ್ಷದ ವ್ಯವಹಾರ. ಮೊದಲು ಟ್ರಂಕ್ ಕಾಲ್, ಆಮೇಲೆ ಎಸ್‌ಟಿಡಿ, ಈಗ ಮೊಬೈಲು. ಭಾನುವಾರ ಬಿಟ್ಟು ದಿನಾ ಬೆಳಗ್ಗೆ ಹತ್ತೂವರೆಗೆ ಫೋನು ಬರಲೇಬೇಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಬೈದಾಡುವುದಕ್ಕೆ ದನಿ ಸಾಕಾಗಿತ್ತು, ಮುಖದ ಅಗತ್ಯ ಬಿದ್ದಿರಲಿಲ್ಲ. ಶಂಭುಲಿಂಗಯ್ಯನವರ ಹಿಂದಿ ಲಾರಿ ಡ್ರೈವರುಗಳಿಂದ ಕಲಿತದ್ದು. ಅದನ್ನು ಇದ್ದ ಹಾಗೆ ಬರೆದರೆ ಓದುವವರಿಗೆ ಜ್ವರ ಬಂದೀತು, ಆದ್ದರಿಂದ ಕನ್ನಡದಲ್ಲೇ ಹೇಳುವುದು ಕ್ಷೇಮ.

“ಶಂಭೂಜಿ, ಈ ಸಲ ಕೊಬ್ಬರಿ ಕಳಿಸಿದ್ದೀರೋ, ಮಕ್ಕಳಾಡುವ ಗೋಲಿ ಕಳಿಸಿದ್ದೀರೋ?” ಎಂದು ಲಾಲಾ ಶುರು ಮಾಡುತ್ತಿದ್ದರು.

“ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ ಲಾಲಾಜಿ, ಆಮೇಲೆ ಮಾಲು ನೋಡಿ” ಎಂದು ಇವರು.

ರೇಟನ್ನು ಮೊದಲು ಬಾಯಿ ಬಿಟ್ಟು ಹೇಳಿದವನು ಸೋತ ಎಂಬುದು ಇಬ್ಬರ ಸಿದ್ಧಾಂತವೂ ಆಗಿತ್ತು. ಹೀಗಾಗಿ ಮುಖ್ಯ ವಿಷಯಕ್ಕೆ ಬರುವ ಮುಂಚೆ ಮಳೆ, ಬಿಸಿಲು, ಮಂಡಿನೋವು, ಮಕ್ಕಳ ದಡ್ಡತನ, ಎಲ್ಲದರ ಮಾತೂ ಆಗಿ ಹೋಗುತ್ತಿತ್ತು. ಗಂಡ ತನ್ನ ಜೊತೆ ಇಷ್ಟು ವರ್ಷದಲ್ಲಿ ಆಡಿದ ಮಾತನ್ನೆಲ್ಲ ಕೂಡಿಸಿದರೂ ಆ ದಿಲ್ಲಿಯವನ ಜೊತೆ ಆಡಿದ್ದರಲ್ಲಿ ಕಾಲುಭಾಗ ಆಗುವುದಿಲ್ಲ ಎಂದು ದ್ರಾಕ್ಷಾಯಣಮ್ಮನವರು ನೆಂಟರ ಎದುರಿಗೇ ಹೇಳುತ್ತಿದ್ದರು.

ಕೊರೊನಾದ ಎರಡನೇ ಅಲೆಯ ಮೇ ತಿಂಗಳಲ್ಲಿ ಆ ಫೋನು ಒಂಬತ್ತು ದಿನ ಬರಲಿಲ್ಲ. ಇವರು ಮಾಡಿದರೆ ಯಾರೂ ಎತ್ತಲಿಲ್ಲ. ಟಿವಿಯಲ್ಲಿ ದಿಲ್ಲಿಯ ಸುದ್ದಿ ನೋಡುವಂತಿರಲಿಲ್ಲ. ಶಂಭುಲಿಂಗಯ್ಯನವರು ದಿನಾ ಹತ್ತೂವರೆಗೆ ಜಗಲಿಯಲ್ಲಿ ಫೋನು ಹಿಡಿದು ಕೂತು ಹನ್ನೊಂದಕ್ಕೆ ಎದ್ದು ಒಳಗೆ ಹೋಗುತ್ತಿದ್ದರು. ಹತ್ತನೇ ದಿನ ಲಾಲಾ ಫೋನು ಮಾಡಿದರು. ಎಂದಿನಂತೆ ಮಾರ್ಕೆಟ್ ಕೇಳಿದರು, ಮಳೆ ಕೇಳಿದರು. ಇಡುವ ಹೊತ್ತಿಗೆ “ಮನೆಯವಳು ಹೋದಳು, ಶಂಭೂಜಿ” ಅಂದರು.

ಶಂಭುಲಿಂಗಯ್ಯನವರ ಹಿಂದಿಯಲ್ಲಿ ರೇಟು ಇತ್ತು, ತೂಕ ಇತ್ತು, ಹುಳು ಹಿಡಿದದ್ದು ಇತ್ತು, ಲಾರಿ ಪಂಚರ್ ಆದದ್ದು ಇತ್ತು. ಸಾವಿಗೆ ಮಾತಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ “ಬಹುತ್ ನುಕ್ಸಾನ್ ಹುವಾ, ಲಾಲಾಜಿ” ಅಂದುಬಿಟ್ಟರು. ಬಹಳ ನಷ್ಟವಾಯಿತು ಎಂದು. ಮಳೆಗೆ ಲೋಡು ನೆನೆದಾಗ ಹೇಳುತ್ತಿದ್ದ ಮಾತು ಅದು. ಲಾಲಾ “ಹಾಂ, ಬಹುತ್” ಎಂದು ಫೋನಿಟ್ಟರು. ಅವತ್ತು ಶಂಭುಲಿಂಗಯ್ಯನವರಿಗೆ ತಮ್ಮ ನಾಲಗೆಯ ಮೇಲೇ ಹೇಸಿಗೆಯಾಯಿತು.

ಜೂನ್ ಮುಗಿಯುವ ಹೊತ್ತಿಗೆ ಲಾಲಾ ಹೊಸ ಮಾತು ತೆಗೆದರು. ನವೆಂಬರಿನಲ್ಲಿ ಮೊಮ್ಮಗಳ ಮದುವೆ. ಶಂಭೂಜಿ ಬರಲೇಬೇಕು. ವಿಮಾನದಲ್ಲಿ ಮೂರು ಗಂಟೆಯ ದಾರಿ.

“ತಾರೀಕು ಎಷ್ಟು?” ಎಂದು ಕೇಳಿದರು ಶಂಭುಲಿಂಗಯ್ಯನವರು.

“ಪಂಡಿತ ನೋಡುತ್ತಿದ್ದಾನೆ. ನೀವು ಟಿಕೆಟ್ ನೋಡಿ.”

“ತಾರೀಕು ಹೇಳದೆ ಟಿಕೆಟ್ ಹೇಗೆ ನೋಡಲಿ?”

“ನೀವು ಟಿಕೆಟ್ ಮಾಡಿಸದೆ ನಾನು ತಾರೀಕು ಹೇಳಿ ಏನು ಪ್ರಯೋಜನ?”

ಇದು ಅವರಿಬ್ಬರ ಮಾಮೂಲಿ ವರಸೆಯೇ ಆದ್ದರಿಂದ ಶಂಭುಲಿಂಗಯ್ಯನವರಿಗೆ ವಿಚಿತ್ರ ಅನ್ನಿಸಲಿಲ್ಲ. ದ್ರಾಕ್ಷಾಯಣಮ್ಮನವರಿಗೆ ಅನ್ನಿಸಿತು.

“ಅಲ್ರೀ, ಮನೆ ಯಜಮಾನ್ತಿ ಹೋಗಿ ಇನ್ನೂ ಎರಡು ತಿಂಗ್ಳು ತುಂಬಿಲ್ಲ. ಅಷ್ಟು ಬೇಗ ಯಾರ್ರೀ ಮದ್ವೆ ಮಾತಾಡ್ತಾರೆ?”

“ಅವರ ಕಡೆ ಪದ್ಧತಿ ಬ್ಯಾರೆ ಕಣೇ.”

“ಯಾವ ಕಡೆ ಆದ್ರೂ ಹೆಂಡ್ತಿ ಹೋದ ಗಂಡಸು ಗಂಡಸೇ” ಎಂದು ದ್ರಾಕ್ಷಾಯಣಮ್ಮನವರು ಒಳಗೆ ಹೋದರು.

ಹೋಗಬೇಕೆಂಬ ಆಸೆ ಶಂಭುಲಿಂಗಯ್ಯನವರಿಗೆ ಬಲವಾಗಿತ್ತು. ಯಾರ ಹತ್ತಿರವೂ ಬಾಯಿ ಬಿಡಲಾಗದಷ್ಟು ಬಲವಾಗಿತ್ತು. ಅವರಿಗೆ ಎಪ್ಪತ್ತೊಂದು, ಲಾಲಾಗೆ ಎಪ್ಪತ್ತಾರು. ಆ ವರ್ಷ ಇಂಥ ವಯಸ್ಸುಗಳನ್ನು ಹೇಳುವಾಗ ಟಿವಿಯವರೂ ದನಿ ತಗ್ಗಿಸುತ್ತಿದ್ದರು. ಇಬ್ಬರಲ್ಲಿ ಒಬ್ಬರು ಉದುರುವ ಮುಂಚೆ ಆ ಮನುಷ್ಯನನ್ನು ಒಂದು ಸಲ ನೋಡಬೇಕು, ಎದುರು ಕೂತು ಟೀ ಕುಡಿಯಬೇಕು, ಅವತ್ತು ಆಡಿದ ದರಿದ್ರ ಮಾತಿನ ಬದಲು ಅವರ ಕೈಯನ್ನಾದರೂ ಹಿಡಿದುಕೊಳ್ಳಬೇಕು. ಆದರೆ ಬೇಕು ಅನ್ನಿಸಿದ್ದನ್ನು ಬೇಕು ಎಂದು ತೋರಿಸಿದರೆ ರೇಟು ಏರುತ್ತದೆ ಎಂದು ಐವತ್ತು ವರ್ಷ ನಂಬಿದವರು ಅವರು. ಆ ನಂಬಿಕೆಯನ್ನೇ ಹೊತ್ತುಕೊಂಡು ವಿಮಾನದ ಟಿಕೆಟ್ಟು ಕೊಳ್ಳಲು ಹೊರಟರು.

ಸೌಮ್ಯಳ ಮೊಬೈಲಿನಲ್ಲಿ ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ದರ ಮೂಡಿದಾಗ ಅವರು ಕನ್ನಡಕ ಏರಿಸಿ ನೋಡಿ, ತಕ್ಷಣ ಮುಖ ಬೇರೆ ಕಡೆ ತಿರುಗಿಸಿ, “ಜಾಸ್ತಿ ಆಯ್ತು, ಮುಚ್ಚಮ್ಮ” ಅಂದರು.

“ಇದು ಕಮ್ಮೀನೇ ಮಾವ. ಜನ ಹೆದರಿಕೊಂಡು ಎಲ್ಲೂ ಹೋಗ್ತಿಲ್ಲ, ಅದಕ್ಕೆ ಇಳಿಸಿದ್ದಾರೆ.”

“ಇಳಿಸವ್ರೆ ಅಂದ್ರೆ ಇನ್ನೂ ಇಳಿಸ್ತಾರೆ ಅಂತ ತಾನೆ? ಇಳಿಯೋ ಮಾರ್ಕೆಟ್ಟಲ್ಲಿ ಯಾರಾದ್ರೂ ಕೈ ಹಾಕ್ತಾರಾ? ತಡಿ.”

ತಡೆದರು. ಎರಡು ದಿನ ಬಿಟ್ಟು ಸೌಮ್ಯ ಮತ್ತೆ ನೋಡಲು ಹೋದರೆ ಅವರು ಹೌಹಾರಿದರು. ಹೀಗೆ ಪದೇ ಪದೇ ದಿಲ್ಲಿಯನ್ನೇ ಕೇಳಿದರೆ ಗಿರಾಕಿ ಬಿಸಿಯಾಗಿದ್ದಾನೆ ಎಂದು ವಿಮಾನದವರಿಗೆ ಗೊತ್ತಾಗುವುದಿಲ್ಲವೇ? ಯಾರ್ಡಿನಲ್ಲಿ ಅವರು ಒಂದು ರಾಶಿಯ ಮೇಲೆ ಕಣ್ಣಿಟ್ಟರೆ ಮೊದಲು ಅದರ ಆಚೆ ಈಚೆಯ ನಾಲ್ಕು ರಾಶಿಗಳಲ್ಲಿ ಕೈಯಾಡಿಸಿ, ಎಲ್ಲದಕ್ಕೂ ಮೂಗು ಮುರಿದು, ಹೊರಟು ನಿಂತವರ ಹಾಗೆ ಬೇಕಾದ ರಾಶಿಯ ಕಡೆ ತಿರುಗುತ್ತಿದ್ದರು. ಅದೇ ವಿದ್ಯೆಯನ್ನು ಸೊಸೆಗೆ ಹೇಳಿಕೊಟ್ಟರು.

“ಮೊದ್ಲು ಪುಣೆ ನೋಡು. ಆಮೇಲೆ ಗೋವಾ ನೋಡು. ಒಂದೈದು ನಿಮಿಷ ಬುಟ್ಟು, ಹಂಗೇ ಹೋಗೋ ದಾರೀಲಿ ಕೇಳ್ದಂಗೆ ಡೆಲ್ಲಿ ಕೇಳು.”

“ಅದು ಮಿಷನ್ನು ಮಾವ. ಅದಕ್ಕೇನು ಕಣ್ಣಿರುತ್ತಾ?”

“ಮಿಷನ್ ಹಿಂದೆ ಒಬ್ಬ ಸೇಟು ಕೂತಿರ್ತಾನೆ ಬುಡಮ್ಮ. ನಾ ಕಂಡಿಲ್ವಾ?”

ಗಣಿತದ ಮೇಡಂ ಹದಿನೈದು ದಿನ ಪುಣೆ, ಗೋವಾ ನೋಡಿದಳು. ಅದರ ಫಲವಾಗಿ ಅವಳ ಮೊಬೈಲಿನಲ್ಲಿ ಪಾಠದ ವಿಡಿಯೋ ತೆರೆದರೂ ಗೋವಾದ ಹೋಟೆಲುಗಳ ಜಾಹೀರಾತು ಬರತೊಡಗಿತು. ಆನ್‌ಲೈನ್ ಕ್ಲಾಸಿನಲ್ಲಿ ಪರದೆ ಹಂಚಿಕೊಂಡಿದ್ದಾಗ ಒಂಬತ್ತನೇ ತರಗತಿಯ ಇಡೀ ‘ಬಿ’ ಸೆಕ್ಷನ್ನು ಅದನ್ನು ನೋಡಿತು. ವಾರದೊಳಗೆ, ವಿಭೂತಿ ಬಳಿಯದೆ ಬಾಗಿಲು ದಾಟದ ಶಂಭುಲಿಂಗಯ್ಯನವರು ಕೊರೊನಾ ಮುಗಿಯುವುದನ್ನೂ ಕಾಯದೆ ಸಂಸಾರ ಸಮೇತ ಗೋವಾಕ್ಕೆ ಹೊರಟಿದ್ದಾರೆಂದು ಊರಿಗೆಲ್ಲ ಸುದ್ದಿಯಾಯಿತು. ಮಠದಿಂದ ಬಂದವರೊಬ್ಬರು ದ್ರಾಕ್ಷಾಯಣಮ್ಮನವರನ್ನು “ಅಲ್ಲಿ ಊಟಕ್ಕೇನು ಮಾಡ್ತೀರಿ ತಾಯಿ?” ಎಂದು ಬಹಳ ಕಾಳಜಿಯಿಂದ ಕೇಳಿ ಹೋದರು.

ಆಗಸ್ಟಿನಲ್ಲಿ ಇನ್ನೊಂದು ಅಡ್ಡಿ ಎದ್ದಿತು. ಮದುವೆಗೆ ತಮ್ಮ ತೋಟದ್ದೇ ಒಳ್ಳೆಯ ಉಂಡೆ ಕೊಬ್ಬರಿ ಹತ್ತು ಕೆಜಿ ಒಯ್ಯಬೇಕೆಂದು ಶಂಭುಲಿಂಗಯ್ಯನವರು ಆರಿಸಿ ಇಟ್ಟಿದ್ದರು. ಜ್ಞಾನೇಶ ಎಲ್ಲೋ ಓದಿಕೊಂಡು ಬಂದು, ವಿಮಾನದಲ್ಲಿ ಕೊಬ್ಬರಿಗೆ ಪ್ರವೇಶವಿಲ್ಲ ಎಂದ.

“ಯಾಕಂತೆ?”

“ಬೆಂಕಿ ಹತ್ಕೊಳ್ಳೋ ಪದಾರ್ಥವಂತೆ ಅಪ್ಪಾಜಿ. ಪೆಟ್ರೋಲು, ಪಟಾಕಿ ಜೊತೆಲಿ ಬರ್ದವ್ರೆ.”

ಶಂಭುಲಿಂಗಯ್ಯನವರಿಗೆ ತಮ್ಮ ಕುಲದೇವರನ್ನೇ ಬೈದಷ್ಟು ಸಿಟ್ಟು ಬಂತು. ತಮ್ಮ ತಾತ, ಅಪ್ಪ, ತಾವು, ಮೂರು ತಲೆಮಾರು ಕೊಬ್ಬರಿಯ ಗೋದಾಮಿನಲ್ಲೇ ಮಲಗಿ ಎದ್ದವರು, ಯಾರಾದರೂ ಸುಟ್ಟುಹೋದರೇ? ಕೊಬ್ಬರಿ ಹತ್ತಿಸಿಕೊಳ್ಳದ ಗಾಡಿಗೆ ತಾವೂ ಹತ್ತುವುದಿಲ್ಲ ಎಂದು ಘೋಷಿಸಿ ಮೂರು ವಾರ ಟಿಕೆಟ್ಟಿನ ಸುದ್ದಿಯನ್ನೇ ಎತ್ತಲಿಲ್ಲ.

ಈ ಮಧ್ಯೆ ಪಕ್ಕದ ಮಂಡಿಯ ಲಿಂಗಣ್ಣ ಇದ್ದರು. ಟಿವಿಯಲ್ಲಿ ಬಂದದ್ದನ್ನೆಲ್ಲ ನೋಡಿ, ಬಾರದ್ದನ್ನು ತಾವೇ ಸೇರಿಸಿ ಹೇಳುವ ಹಳೆಯ ಸ್ನೇಹಿತರು.

“ಮೂರ್ನೇ ಅಲೆ ಅಕ್ಟೋಬರ್ ಹದಿನೈದಕ್ಕೆ ಬತ್ತದಂತೆ ಶಂಭಣ್ಣ. ಟಿವಿನೋರು ಡೇಟು ಕೊಟ್ಟವ್ರೆ.”

“ಅದು ತಾರೀಕು ಗೊತ್ತು ಮಾಡ್ಕೊಂಡು ಬತ್ತಾ ಐತೆ. ನಮ್ಮ ಲಾಲಾಗೆ ಒಂದು ತಾರೀಕು ಹೇಳೋಕೆ ಆಗ್ತಿಲ್ಲ ನೋಡು.”

“ನೀನು ದುಡ್ಡು ಕಟ್ಟಿ, ಅಷ್ಟೊತ್ಗೆ ವಿಮಾನ ನಿಂತೋದ್ರೆ?”

ಇದನ್ನು ಸೌಮ್ಯಳನ್ನು ಕೇಳಿದರು. ಎರಡು ಥರದ ಟಿಕೆಟ್ಟು ಇದೆ ಎಂದು ಅವಳು ವಿವರಿಸಿದಳು. ಅಗ್ಗದ್ದು ಕೊಂಡು ತಾವೇ ಹೋಗದಿದ್ದರೆ ದುಡ್ಡು ಹೋಯಿತು, ದುಬಾರಿಯದರಲ್ಲಿ ತಾರೀಕು ಬದಲಾಯಿಸಬಹುದು. ವಿಮಾನದವರೇ ರದ್ದು ಮಾಡಿದರೆ, ಕೆಲವರು ದುಡ್ಡು ವಾಪಸ್ಸು ಕೊಡದೆ ತಮ್ಮಲ್ಲೇ ಜಮಾ ಇಟ್ಟುಕೊಂಡಿರುತ್ತಾರೆ, ಮುಂದೆ ಯಾವಾಗಲಾದರೂ ಹೋಗಬಹುದು.

“ಅಂದ್ರೆ ನಮ್ಮ ಮಾಲು ಅವರ ಅಟ್ಟದಾಗೆ” ಎಂದರು ಶಂಭುಲಿಂಗಯ್ಯನವರು. ಅಟ್ಟದ ಮೇಲಿನ ಮಾಲಿನ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದು ಯಾವಾಗಲೂ ತಮ್ಮ ಅಟ್ಟದಲ್ಲೇ ಇರಬೇಕು. ಮತ್ತೆ ತಡೆದರು.

ಸೆಪ್ಟೆಂಬರಿನಲ್ಲಿ ಕಾಯಿಲೆ ಇಳಿಯಿತು, ಜನ ಹೊರಗೆ ಬಂದರು, ಟಿಕೆಟ್ಟಿನ ದರ ಏರತೊಡಗಿತು. ಏರಿದ್ದು ಇಳಿಯಲೇಬೇಕು ಎಂದು ಶಂಭುಲಿಂಗಯ್ಯನವರು ಕೂತರು. ಲಾಲಾ ದಿನಾ ಕೊಬ್ಬರಿಯ ಮಾತು ಮುಗಿಸಿ “ಟಿಕೆಟ್ ಆಯಿತೇ?” ಎಂದು ಕೇಳುವುದು, ಇವರು “ನೋಡುತ್ತಿದ್ದೇನೆ, ತಾರೀಕು ಆಯಿತೇ?” ಎನ್ನುವುದು, ಹೀಗೇ ನಡೆದಿತ್ತು. ಒಂದು ದಿನ ಲಾಲಾ ಕೇಳಲಿಲ್ಲ. ಮಾರನೇ ದಿನವೂ ಕೇಳಲಿಲ್ಲ. ಹತ್ತು ದಿನವಾದರೂ ಕೇಳಲಿಲ್ಲ. ಮಾಲು ಕೇಳುವವರಿಲ್ಲ ಎಂದು ಗೊತ್ತಾದ ರೈತ ಯಾರ ಮುಖವನ್ನೂ ನೋಡದೆ ಚೀಲ ಕಟ್ಟುವುದನ್ನು ಶಂಭುಲಿಂಗಯ್ಯನವರು ಯಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದರು. ಆದರೂ ಕೈ ಮುಂದೆ ಬರಲಿಲ್ಲ, ದರ ಆಗಲೇ ಒಂದೂವರೆಯಷ್ಟಾಗಿತ್ತು.

ಸೆಪ್ಟೆಂಬರಿನ ಕೊನೆಯ ಭಾನುವಾರ ಬೆಳಗ್ಗೆ ಲಿಂಗಣ್ಣ ಕಾಫಿಗೆಂದು ಮನೆಗೆ ಬಂದು ಕೂತಿದ್ದಾಗ ಜ್ಞಾನೇಶ ಫೋನು ಹಿಡಿದುಕೊಂಡು ಬಂದ. ವ್ಯವಹಾರದ ಮೆಸೇಜುಗಳೆಲ್ಲ ಈಗ ಅವನಿಗೂ ಲಾಲಾ ಅವರ ಮಗನಿಗೂ ಮಧ್ಯೆ ನಡೆಯುತ್ತಿದ್ದವು. ಕೊಬ್ಬರಿಯಂತೂ ಒಯ್ಯುವಂತಿಲ್ಲ, ಮದುವೆಗೆ ಬೇರೇನು ಉಡುಗೊರೆ ಕೊಡುವುದು ಎಂದು ಇವನು ಕೇಳಿದ್ದ. ಉತ್ತರ ಈಗ ಬಂದಿತ್ತು. “ಮದುವೆ ಏಪ್ರಿಲ್‌ನಲ್ಲೇ ಆಯಿತಲ್ಲ, ಭಾಯಿ. ಇಪ್ಪತ್ತೇ ಜನ ಇದ್ದೆವು, ಯಾರನ್ನೂ ಕರೆಯಲಾಗಲಿಲ್ಲ. ಪಿತಾಜಿ ಹೇಳಲಿಲ್ಲವೇ?” ಜೊತೆಗೊಂದು ಫೋಟೋ.

ಶಂಭುಲಿಂಗಯ್ಯನವರು ಫೋನನ್ನು ಕೈಗೆ ತೆಗೆದುಕೊಂಡರು. ಮನೆಯ ಅಂಗಳ. ಗಂಡು ಹೆಣ್ಣು ಇಬ್ಬರೂ ಮಾಸ್ಕು ಹಾಕಿಕೊಂಡು ಹಾರ ಹಿಡಿದು ನಿಂತಿದ್ದರು. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪೇಟ ಸುತ್ತಿಕೊಂಡ ಒಬ್ಬ ಸಣ್ಣ ಮುದುಕ, ದಪ್ಪ ಕನ್ನಡಕ, ಉಳಿದದ್ದೆಲ್ಲ ಮಾಸ್ಕು. ಪಕ್ಕದಲ್ಲಿ ನಿಂತ ಅಷ್ಟೇ ಗಾತ್ರದ ಹೆಂಗಸು ಅವರ ಹೆಗಲ ಮೇಲೆ ಕೈಯಿಟ್ಟಿದ್ದರು.

“ಇವರೇ ಇರಬೇಕು ಲಾಲಾ” ಎಂದ ಜ್ಞಾನೇಶ.

ದನಿ ಕೇಳಿ ಆರಡಿಯ ಪೈಲ್ವಾನನನ್ನು ಕಲ್ಪಿಸಿಕೊಂಡಿದ್ದ ಶಂಭುಲಿಂಗಯ್ಯನವರು ನೋಡಿದರು, ನೋಡಿದರು. ಮೂವತ್ತೆಂಟು ವರ್ಷಕ್ಕೆ ಸಿಕ್ಕ ಮೊದಲ ಫೋಟೋದಲ್ಲೂ ಆ ಮನುಷ್ಯ ಮುಖ ತೋರಿಸಿರಲಿಲ್ಲ. ಆದರೆ ಹೆಗಲ ಮೇಲಿದ್ದ ಆ ಕೈ ಕಾಣುತ್ತಿತ್ತು. ಮುಂದಿನ ತಿಂಗಳಿಗೆ ಆ ಕೈ ಇರಲಿಲ್ಲ.

“ಒಳ್ಳೇದೇ ಆಯ್ತು ಬುಡಿ ಅಪ್ಪಾಜಿ” ಎಂದ ಜ್ಞಾನೇಶ. “ಮದ್ವೆನೇ ಇಲ್ಲ ಅಂದ್ಮೇಲೆ ಹೋಗೋ ಮಾತೇ ಇಲ್ಲ. ಟಿಕೆಟ್ ಮಾಡಿಸ್ದೆ ಇದ್ದದ್ದು ಎಷ್ಟೋ ವಾಸಿ.”

“ಎಂಥ ಸುಳ್ಳು ಹೇಳವ್ನೆ ನೋಡು” ಎಂದರು ಲಿಂಗಣ್ಣ. “ಆಗೋಗಿರೋ ಮದ್ವೆಗೆ ಕರೀತಾನೆ ಅಂದ್ರೆ. ನೀನು ಕಾದಿದ್ದೇ ಸರಿ ಆಯ್ತು ಶಂಭಣ್ಣ. ಕಾಯ್ದೋನ್ಗೆ ಎಂದೂ ಲುಕ್ಸಾನಿಲ್ಲ ಕಣಪ್ಪ.”

ಎಲ್ಲರೂ ಹೊಗಳುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ, ಕಾದು ಕೂತದ್ದಕ್ಕೆ ಮನೆಯವರೇ ಭೇಷ್ ಅನ್ನುತ್ತಿದ್ದರು. ಶಂಭುಲಿಂಗಯ್ಯನವರಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ಅವರು ಜೂನ್ ತಿಂಗಳ ಆ ಫೋನನ್ನು ನೆನೆಸಿಕೊಳ್ಳುತ್ತಿದ್ದರು. ಒಂದು ರೂಪಾಯಿಯನ್ನೂ ತಾನಾಗಿ ಬಾಯಿ ಬಿಟ್ಟು ಹೇಳದ ಮನುಷ್ಯ ಅವತ್ತು ಮೊದಲು ಬಾಯಿ ಬಿಟ್ಟಿದ್ದ. ಬನ್ನಿ ಎಂದು ಕೇಳಿದ್ದ. ಒಬ್ಬನೇ ಇದ್ದೇನೆ, ಬಂದು ಹೋಗಿ ಎಂದು ಹೇಳಲು ನಾಚಿಕೆಯಾಗಿ, ಅದರ ಸುತ್ತ ಒಂದು ಮದುವೆ ಕಟ್ಟಿ, ಪಂಡಿತನನ್ನು ಕೂರಿಸಿ, ಮೂರು ತಿಂಗಳು ದಿನಾ ಕೇಳಿದ್ದ. ತಾವು ಮೂರು ತಿಂಗಳು ದಿನಾ ಚೌಕಾಸಿ ಮಾಡಿದ್ದರು. ಆಮೇಲೆ ಆತ ಕೇಳುವುದನ್ನು ಬಿಟ್ಟ. ಶಂಭುಲಿಂಗಯ್ಯನವರು ಫೋನನ್ನು ಮಗನ ಕೈಗೆ ಕೊಟ್ಟು ಸೊಸೆಯನ್ನು ಕೂಗಿದರು.

“ಸೌಮ್ಯ, ಫೋನ್ ತಗೊಂಬಾರಮ್ಮ.”

ಸೌಮ್ಯ ಬಂದು ಕೂತಳು. “ಮೊದಲು ಎಲ್ಲಿಗೆ ನೋಡಲಿ ಮಾವ, ಪುಣೆನಾ?”

“ಡೆಲ್ಲಿ.”

ಜ್ಞಾನೇಶ ಅಪ್ಪನ ಮುಖ ನೋಡಿದ. ಸೌಮ್ಯ ತಾರೀಕು ಕೇಳಿದಳು. ಇಲ್ಲದ ಮದುವೆಗೆ ತಾರೀಕು ಯಾವುದಾದರೇನು, ಶಂಭುಲಿಂಗಯ್ಯನವರು ಬಾಯಿಗೆ ಬಂದಂತೆ ನವೆಂಬರ್ ಹದಿನೆಂಟು ಅಂದರು. ಅದು ಗುರುವಾರ. ಜುಲೈಯಲ್ಲಿ ನೋಡಿದ್ದಕ್ಕೆ ಸರಿಯಾಗಿ ಎರಡರಷ್ಟಾಗಿದೆ ಎಂದು ಸೌಮ್ಯ ಮೆಲ್ಲಗೆ ಹೇಳಿದಳು. ಇನ್ನೂ ಸ್ವಲ್ಪ ಹೆಚ್ಚು ಕೊಟ್ಟರೆ ತಾರೀಕು ಬದಲಾಯಿಸುವ ಟಿಕೆಟ್ಟು ಸಿಗುತ್ತದೆ, ಏನಾದರೂ ಆದರೆ ಮುಂದಕ್ಕೆ ಹಾಕಬಹುದು ಎಂದೂ ಹೇಳಿದಳು.

“ಬದಲಾಯ್ಸೋದು ಬ್ಯಾಡ. ಬದಲಾಯ್ಸೋ ಹಂಗಿದ್ರೆ ನಾನು ಬದಲಾಯಿಸ್ತಾನೇ ಇರ್ತೀನಿ.”

“ಮೂರ್ನೇ ಅಲೆ ಬಂದ್ರೆ ಏನ್ ಮಾಡ್ತೀಯಪ್ಪ?” ಎಂದರು ಲಿಂಗಣ್ಣ.

“ಬಂದ್ರೆ ಬರ್ಲಿ, ಅದ್ಕೂ ಒಂದು ಕಾಫಿ ಕೊಟ್ಟು ಕೂರ್ಸಿರು. ನಾ ಹೋಗಿ ಬತ್ತೀನಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ದ್ರಾಕ್ಷಾಯಣಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. “ನಂದೂ ಒಂದು ಮಾಡಮ್ಮ ಸೌಮ್ಯ. ಈ ಮನುಷ್ಯನ್ನ ಒಬ್ಬರನ್ನೇ ಸಮಾಧಾನ ಹೇಳೋಕೆ ಬುಟ್ರೆ, ಅಲ್ಲಿ ಹೋಗಿ ತೂಕ, ತೇವ ಅಂತ ಮಾತಾಡಿ ಬತ್ತಾರೆ.”

“ನಿನಗೆಲ್ಲಿ ಹಿಂದಿ ಬರುತ್ತೆ?”

“ಹೆಂಡ್ತಿ ಸತ್ತೋರ ಮನೇಲಿ ಕೂತು ಅಳೋಕೆ ಹಿಂದಿ ಯಾಕ್ರೀ ಬೇಕು?”

ಎರಡು ಟಿಕೆಟ್ಟಾಯಿತು. ಸೌಮ್ಯ ಒತ್ತುವ ಮುಂಚೆ ಇನ್ನೊಂದು ಸಲ ಮಾವನ ಕಡೆ ನೋಡಿದಳು. ಅವರು ದರವನ್ನು ನೋಡಲೇ ಇಲ್ಲ, ಕಿಟಕಿಯ ಕಡೆ ನೋಡುತ್ತಾ ತಲೆಯಾಡಿಸಿದರು.

ಆಮೇಲೆ ತಮ್ಮ ಫೋನು ತೆಗೆದುಕೊಂಡು ಜಗಲಿಗೆ ಹೋದರು. ಭಾನುವಾರ ಅವರಿಬ್ಬರೂ ಮಾತಾಡಿದ್ದೇ ಇರಲಿಲ್ಲ. ಎರಡನೇ ರಿಂಗಿಗೇ ಲಾಲಾ ಎತ್ತಿದರು. ದನಿಯಲ್ಲಿ ಗಾಬರಿಯಿತ್ತು.

“ಏನಾಯಿತು ಶಂಭೂಜಿ? ಮನೆಯಲ್ಲಿ ಎಲ್ಲರೂ ಕ್ಷೇಮವೇ?”

“ಎಲ್ಲರೂ ಕ್ಷೇಮ. ಟಿಕೆಟ್ ಆಯಿತು ಲಾಲಾಜಿ.”

ಶಂಭುಲಿಂಗಯ್ಯನವರು ಕಾದರು. ಫೋಟೋದ ಸುದ್ದಿ ಎತ್ತಬಾರದು ಎಂದು ತೀರ್ಮಾನಿಸಿಯೇ ಜಗಲಿಗೆ ಬಂದಿದ್ದರು.

“ಯಾವ ತಾರೀಕಿಗೆ?” ಎಂದು ಲಾಲಾ ಕೇಳಿದರು.

“ನವೆಂಬರ್ ಹದಿನೆಂಟು. ಗುರುವಾರ. ನಾನು, ಮನೆಯವಳು.”

“ಹದಿನೆಂಟು” ಎಂದರು ಲಾಲಾ. ಮೂಗೊರೆಸಿಕೊಂಡ ಸದ್ದು ಕೇಳಿಸಿತು. “ಹಾಂ, ಹದಿನೆಂಟೇ. ಪಂಡಿತ ಈಗ ತಾನೇ ಹೇಳಿ ಹೋದ. ಮದುವೆ ಅವತ್ತೇ.”

“ವಾಪಸ್ಸು ಇಪ್ಪತ್ತೆರಡಕ್ಕೆ ಇದೆ.”

“ಹಾಗಾದರೆ” ಎಂದರು ಲಾಲಾ, “ಮದುವೆ ಇಪ್ಪತ್ತೆರಡರ ತನಕ.”